ನಾಲ್ಕೂ ಕಡೆ ಟಾರ್ಪಾಲ್ ಕಟ್ಟಿದರೆ ಪೇಂಟ್ ಬೂತ್ ಆಗುತ್ತದೆಯೇ?

ಪ್ರಶ್ನೆ: ಹಳೇ ಮಹೀಂದ್ರ ಎಂಎಂ 540 ಜೀಪಿನ ಟಿಂಕರಿಂಗ್ ಕೆಲಸ ಮುಗಿದಿದೆ. ತೋಟದ ಶೆಡ್ಡಿನಲ್ಲೇ ಸುತ್ತ ಟಾರ್ಪಾಲ್ ಬಿಗಿಯಾಗಿ ಕಟ್ಟಿ, ನೆಲಕ್ಕೆ ನೀರು ಹೊಡೆದು, ಪಿಯು (ಪಾಲಿಯುರೆಥೇನ್) ಪೇಂಟ್ ಮಾಡಬೇಕೆಂದಿದ್ದೇವೆ. ಧೂಳು ಕೂರದ ಹಾಗೆ ಇನ್ನೇನು ಮಾಡಬೇಕು?

ಉತ್ತರ: ಮೂಡಿಗೆರೆ, ಆಲ್ದೂರು, ಸಕಲೇಶಪುರ ಎಲ್ಲಿಂದ ಬಂದರೂ ಪ್ರಶ್ನೆ ಹೆಚ್ಚುಕಡಿಮೆ ಇದೇ. ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಶುರುವಾಗುತ್ತದೆ. ಎಷ್ಟು ಸಲ ಹೇಳಿದರೂ ಆ 'ಬಿಗಿಯಾಗಿ' ಎಂಬ ಮಾತು ಮಾತ್ರ ಹೋಗುವುದಿಲ್ಲ. ಆದ್ದರಿಂದ ಈ ಸಲ ಅದನ್ನೇ ಬಿಡಿಸಿ ನೋಡೋಣ.

ಒಂದು ಜೀಪಿಗೆ ಒಳಗೂ ಹೊರಗೂ ಸೇರಿ ಮೂರು-ನಾಲ್ಕು ಲೀಟರ್ ಪೇಂಟ್ ಹೋಗುತ್ತದೆ. ಮಾಮೂಲಿ ಸ್ಪ್ರೇ ಗನ್ನಿನಿಂದ ಹೊರಟ ಪೇಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ತಗಡಿನ ಮೇಲೆ ಕೂರುವುದೇ ಇಲ್ಲ, ಗಾಳಿಗೆ ಹೋಗುತ್ತದೆ. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಮಂಜಿನಂತೆ ತೇಲಿ, ಅರೆ ಒಣಗಿದ ಕಣವಾಗಿ, ನೀವು ಈಗಷ್ಟೇ ಹೊಡೆದ ಬಾನೆಟ್ ಮೇಲೆ ಬಂದು ಕೂರುತ್ತದೆ. ಮರುದಿನ ಕೈ ಸವರಿದಾಗ ತರಿತರಿ ಸಿಗುತ್ತದಲ್ಲ, ಅದನ್ನು ಎಲ್ಲರೂ 'ಧೂಳು' ಅನ್ನುತ್ತಾರೆ. ಬಹಳಷ್ಟು ಸಲ ಅದು ಧೂಳಲ್ಲ, ನಿಮ್ಮದೇ ಪೇಂಟು. ಮುಂದಿನ ಸಲ ಇನ್ನೂ ಬಿಗಿಯಾಗಿ ಕಟ್ಟಿದರೆ ಇನ್ನೂ ಹೆಚ್ಚು ಕೂರುತ್ತದೆ.

ಎರಡನೆಯದು ಬೆಂಕಿ. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಥಿನ್ನರಿನಲ್ಲಿರುವ ಟಾಲ್ವೀನ್, ಕ್ಸೈಲೀನ್ ಆವಿ ಗಾಳಿಯಲ್ಲಿ ಶೇಕಡಾ 1ರ ಆಸುಪಾಸು ತಲುಪಿದರೆ ಒಂದು ಕಿಡಿ ಸಾಕು. ಒಳಗೆ ಹ್ಯಾಲೊಜೆನ್ ದೀಪ, ಸ್ವಿಚ್ಚು, ಎಕ್ಸ್‌ಟೆನ್ಷನ್ ಬಾಕ್ಸು ಯಾವುದೂ ಇರಕೂಡದು. ಪಾರದರ್ಶಕ ಶೀಟಿನ ಹೊರಗಿನಿಂದ ಎಲ್‌ಇಡಿ ಬೆಳಕು ಬಿಡಿ. ಮೊಬೈಲೂ ಹೊರಗಿರಲಿ.

ಹಾಗಾದರೆ ಬೂತ್ ಎಂದರೇನು? ಸೋಸಿದ ಗಾಳಿ ಒಂದು ತುದಿಯಿಂದ ಬಂದು, ಜೀಪನ್ನು ದಾಟಿ, ಇನ್ನೊಂದು ತುದಿಯಿಂದ ಹೊರಹೋಗುವ ಕೋಣೆ. ಟಾರ್ಪಾಲ್ ಬರೀ ಗೋಡೆ, ಕೆಲಸ ಮಾಡುವುದು ಗಾಳಿ.

20 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರ ಇದ್ದರೆ ಜೀಪಿನ ಸುತ್ತ ಗನ್ ಹಿಡಿದು ಓಡಾಡಬಹುದು. ಗಾಳಿ ಹಾಯುವ ಅಡ್ಡಕೊಯ್ತ 80 ಚದರ ಅಡಿ. ನಿಮಿಷಕ್ಕೆ 50 ಅಡಿ ವೇಗ ಬೇಕೆಂದರೆ 4,000 ಘನ ಅಡಿ ಗಾಳಿ, ಫ್ಯಾನಿನ ಲೇಬಲ್ಲಿನ ಲೆಕ್ಕದಲ್ಲಿ ಗಂಟೆಗೆ ಸುಮಾರು 6,800 ಘನ ಮೀಟರ್. ಫಿಲ್ಟರ್ ಅಡ್ಡ ಬಂದಾಗ ಆ ಅಂಕಿ ಇಳಿಯುತ್ತದೆ, ಆದ್ದರಿಂದ ಫ್ಯಾನುಗಳ ಮೊತ್ತ 9,000ಕ್ಕೆ ಕಡಿಮೆಯಾಗದಿರಲಿ. ಇಷ್ಟಿದ್ದರೆ ಬೂತಿನ ಗಾಳಿ ಅರ್ಧ ನಿಮಿಷದೊಳಗೆ ಬದಲಾಗುತ್ತದೆ.

ಫ್ಯಾನನ್ನು ಗಾಳಿ ಹೊರಹೋಗುವ ಕಡೆ ಇಡುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಇಟ್ಟರೆ ಮೋಟರು ಆವಿಯ ದಾರಿಯಲ್ಲೇ ಕೂರುತ್ತದೆ, ಜೊತೆಗೆ ಟಾರ್ಪಾಲಿನ ಪ್ರತಿ ಸಂದಿಯಿಂದಲೂ ಹೊರಗಿನ ಧೂಳನ್ನು ಒಳಗೆಳೆಯುತ್ತದೆ. ಒಳಬರುವ ಕಡೆ ಇಟ್ಟು ಫಿಲ್ಟರ್ ಮೂಲಕ ತಳ್ಳಿ. ಫಿಲ್ಟರ್ ಫ್ಯಾನಿನ ಗಾತ್ರದ್ದಾದರೆ ಸಾಲದು, ಒಟ್ಟು 30 ಚದರ ಅಡಿಯಾದರೂ ಬೇಕು. ಎದುರು ತುದಿಯಲ್ಲಿ, ನೆಲಕ್ಕೆ ಹತ್ತಿರ, ಅಷ್ಟೇ ಅಗಲದ ಕಿಂಡಿ ಬಿಟ್ಟು ಗ್ಲಾಸ್ ಫೈಬರ್ ಫಿಲ್ಟರ್ ಹಾಕಿ. ಆ ಕಿಂಡಿ ಮನೆಯ ಕಡೆಗಾಗಲಿ, ಕೂಲಿ ಲೈನಿನ ಕಡೆಗಾಗಲಿ ತೆರೆಯಬಾರದು. ಒಳಬರುವ ಬದಿ ಕಾಫಿ ಕಣಕ್ಕೂ ಮಣ್ಣು ರಸ್ತೆಗೂ ಬೆನ್ನು ಮಾಡಿರಲಿ.

ಸರಿಯಾಗಿದೆಯೇ ಎಂದು ನೋಡಲು ಪೇಂಟ್ ಡಬ್ಬಿ ತೆರೆಯುವ ಮೊದಲೇ, ಥಿನ್ನರ್ ದೂರ ಇಟ್ಟು, ಒಂದು ಊದುಬತ್ತಿ ಹಚ್ಚಿ ಒಳಗೆ ತಿರುಗಿ. ಹೊಗೆ ಒಂದೇ ದಿಕ್ಕಿಗೆ ನಿಧಾನವಾಗಿ ಸಾಗಬೇಕು, ಸುಳಿ ಸುತ್ತಬಾರದು. ಟಾರ್ಪಾಲ್ ಹೊರಕ್ಕೆ ತುಸು ಉಬ್ಬಿರಬೇಕು. ಒಳಕ್ಕೆ ಅಂಟಿಕೊಂಡರೆ ಫ್ಯಾನ್ ತಿರುವುಮುರುವಾಗಿದೆ. ಪೇಂಟ್ ಮುಗಿದ ಕೂಡಲೇ 'ಧೂಳೇಳುತ್ತೆ' ಎಂದು ಫ್ಯಾನ್ ಆಫ್ ಮಾಡಬೇಡಿ. ಬೆರಳಿಗೆ ಅಂಟದಷ್ಟು ಒಣಗುವವರೆಗೆ ಓಡಲಿ.

ನೆಲಕ್ಕೆ ನೀರು ಹೊಡೆಯುವುದು ಸರಿಯೇ, ಆದರೆ ಒಂದು ಗಂಟೆ ಮುಂಚೆ, ನಿಂತ ನೀರು ಇಲ್ಲದಂತೆ. ಪಿಯು ಪೇಂಟಿಗೆ ಬೆರೆಸುವ ಗಟ್ಟಿಕಾರಕಕ್ಕೆ (ಹಾರ್ಡನರ್) ನೀರು ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಗುಳ್ಳೆ ಬರುತ್ತದೆ, ಹೊಳಪು ಮಂಕಾಗುತ್ತದೆ. ನಮ್ಮಲ್ಲಿ ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಹೂಮಳೆ ಶುರುವಾದ ಮೇಲೆ ದಿನ ನೋಡಿಕೊಂಡು ಹೊಡೆಯಬೇಕು. ಬೆಳಗಿನ ತಗಡು ಗಾಳಿಗಿಂತ ತಣ್ಣಗಿದ್ದು ಬೆವರಿರುತ್ತದೆ, ಆದ್ದರಿಂದ 11 ಗಂಟೆಯ ಮೇಲೆ ಶುರು ಮಾಡಿ, ಮಧ್ಯಾಹ್ನ 2ರೊಳಗೆ ಕೊನೆಯ ಕೋಟು ಮುಗಿಸಿ. ಸಂಜೆ ಇಬ್ಬನಿ ಬೀಳುವಷ್ಟರಲ್ಲಿ ಪೇಂಟ್ ಕಚ್ಚಿರುತ್ತದೆ.

ನೀರು ಕಂಪ್ರೆಸರಿನಿಂದಲೂ ಬರುತ್ತದೆ. ಬಿಸಿ ಗಾಳಿ ತಣ್ಣಗಾದ ಮೇಲೆ ಮಾತ್ರ ನೀರು ಬೇರ್ಪಡುವುದರಿಂದ ವಾಟರ್ ಸೆಪರೇಟರನ್ನು ಟ್ಯಾಂಕಿಗೇ ಅಂಟಿಸದೆ 20-25 ಅಡಿ ಪೈಪಿನ ನಂತರ ಹಾಕಿ. ಟಾಪ್ ಕೋಟಿಗೆ 1.3 ಅಥವಾ 1.4 ಮಿ.ಮೀ. ನಾಝಲ್, ಪ್ರೈಮರಿಗೆ 1.7. ಗನ್ ತಗಡಿನಿಂದ 6-8 ಇಂಚು ದೂರ, ಹಿಂದಿನ ಪಟ್ಟಿಯ ಅರ್ಧ ಭಾಗದ ಮೇಲೆ ಮುಂದಿನ ಪಟ್ಟಿ ಬರುವಂತೆ, ಕೋಟುಗಳ ನಡುವೆ 10-15 ನಿಮಿಷ. ಗಟ್ಟಿಕಾರಕದ ಅಳತೆ ಡಬ್ಬಿಯ ಮೇಲೆ ಇದ್ದಷ್ಟೇ, ಕಣ್ಣಳತೆ ಬೇಡ.

ಇಷ್ಟೆಲ್ಲ ಗಾಳಿ ಇದ್ದರೂ ಮುಖಕ್ಕೆ ಬಟ್ಟೆ ಕಟ್ಟಿ ಪಿಯು ಹೊಡೆಯುವುದು ತಪ್ಪು. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಜೀವನಪೂರ್ತಿ ಕಾಡುವ ಆಸ್ತಮಾ ತರಬಲ್ಲದು. ವಾಸನೆ ಮೂಗಿಗೆ ಬರುವಷ್ಟರಲ್ಲಿ ಅಪಾಯದ ಮಟ್ಟ ದಾಟಿರುತ್ತದೆ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮಾಸ್ಕೇ ಸರಿಯಾದದ್ದು. ಅದಿಲ್ಲದಿದ್ದರೆ ತಯಾರಿ, ಪ್ರೈಮರ್ ಉಜ್ಜುವಿಕೆ ಎಲ್ಲ ನೀವೇ ಮಾಡಿಕೊಂಡು, ಕೊನೆಯ ಕೋಟನ್ನು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಬೂತ್ ಇರುವ ಗ್ಯಾರೇಜಿಗೆ ಕೊಡಿ. ಅದರಲ್ಲಿ ಯಾವ ಕೊರತೆಯೂ ಇಲ್ಲ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದಿದೆ: ಬಣ್ಣ ಯಾವುದು? ಹಳೇ ಜೀಪ್ ಎಂದರೆ ಮಿಲಿಟರಿ ಹಸಿರೇ ಮನಸ್ಸಿಗೆ ಬರುವುದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯದ್ದಲ್ಲದ ವಾಹನಕ್ಕೆ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಬೇರೆ ಬಣ್ಣಕ್ಕೆ ಹೋದರೂ ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ, ಬದಲಾಯಿಸುವುದಾದರೆ ಆರ್‌ಟಿಒದಲ್ಲಿ ತಿದ್ದಿಸಬೇಕು. ಡ್ಯಾಶಿನ ಹಿಂದೆ, ಸೀಟಿನ ಕೆಳಗೆ ಮೂಲ ಬಣ್ಣ ಸಾಮಾನ್ಯವಾಗಿ ಉಳಿದಿರುತ್ತದೆ. ಅಲ್ಲಿ ಒಂದಿಷ್ಟು ಜಾಗವನ್ನು 1500ರ ವಾಟರ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ, ಪಾಲಿಷ್ ಮಾಡಿ, ಆ ಭಾಗವನ್ನೇ ಬಿಚ್ಚಿ ಪೇಂಟ್ ಅಂಗಡಿಗೆ ಒಯ್ದು ಬಣ್ಣ ಹೊಂದಿಸಿ. ಮೊಬೈಲ್ ಫೋಟೋ ತೋರಿಸಿ ಬಣ್ಣ ಹೊಂದಿಸಲಾಗದು.