ಗಾಡಿ ಯಾವಾಗ ಹೀಟ್ ಆಗ್ತದ?

‘ಗಾಡಿ ಹೀಟ್ ಆಗ್ಲಿಕತ್ತದ್ರಿ’ ಎಂದು ಬಂದ ಹಳೆ ಡೀಸೆಲ್ ವ್ಯಾನಿನ ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕಿತ್ತೆಸೆಯುವುದು, ಅದಕ್ಕೂ ಬಗ್ಗದಿದ್ದರೆ ರೇಡಿಯೇಟರ್ ಬದಲಿಸುವುದು ಕಲಬುರಗಿಯ ಎಷ್ಟೋ ಗ್ಯಾರೇಜುಗಳ ರೂಢಿ. ಪಾನಾ ಹಿಡಿಯುವ ಮೊದಲು ಚಾಲಕರನ್ನು ಕೇಳಬೇಕಾದದ್ದು ಒಂದೇ: ಯಾವಾಗ ಹೀಟ್ ಆಗ್ತದ? ಅರ್ಧ ರೋಗ ಆ ಉತ್ತರದಲ್ಲೇ ಗೊತ್ತಾಗುತ್ತದೆ.

ಸೂಪರ್ ಮಾರ್ಕೆಟ್ ದಟ್ಟಣೆಯಲ್ಲಿ ನಿಂತಾಗ ಶಾಖದ ಮುಳ್ಳು ಏರಿ, ಊರು ದಾಟಿ ವೇಗ ಹಿಡಿದ ಮೇಲೆ ತಾನೇ ಇಳಿದರೆ ಕೊರತೆ ಗಾಳಿಯದು. ಎಂಜಿನ್ ಬಂದ್ ಮಾಡಿ ಫ್ಯಾನ್ ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ. 10ರಿಂದ 15 ಮಿ.ಮೀ.ಗಿಂತ ಹೆಚ್ಚು ತಗ್ಗಿದರೆ ಬೆಲ್ಟ್ ಜಾರುತ್ತಿದೆ. ಫ್ಯಾನಿಗೆ ವಿಸ್ಕಸ್ ಕಪ್ಲಿಂಗ್ (ಕಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿಯುವ, ಎಣ್ಣೆ ತುಂಬಿದ ಜೋಡಣೆ) ಇದ್ದರೆ, ಚೆನ್ನಾಗಿ ಕಾದ ಎಂಜಿನ್ ನಿಲ್ಲಿಸಿ ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆಯಬೇಕು. ಸಲೀಸಾಗಿ ಎರಡು ಮೂರು ಸುತ್ತು ಹೊಡೆದರೆ ಒಳಗಿನ ಸಿಲಿಕೋನ್ ಎಣ್ಣೆ ಸೋರಿಹೋಗಿದೆ. ಫ್ಯಾನ್ ಸುತ್ತಲಿನ ಹೊದಿಕೆ, ಶ್ರೌಡ್, ಜಾಗದಲ್ಲಿದೆಯೇ ನೋಡಿ. ಹಿಂದಿನ ಯಾವುದೋ ರಿಪೇರಿಯಲ್ಲಿ ಬಿಚ್ಚಿದ್ದು ಮರಳಿ ಕೂತಿರುವುದೇ ಅಪರೂಪ; ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಎಳೆಯಬೇಕಾದ ಗಾಳಿಯನ್ನು ಬದಿಯಿಂದ ಎಳೆಯುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಹಾರುವ ಹೊಟ್ಟು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸೇರಿ ಕಂಬಳಿಯಂತೆ ಕೂರುತ್ತದೆ, ಮುಂದಿನಿಂದ ಕಾಣುವುದೇ ಇಲ್ಲ. ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ವಾಷರನ್ನು ಹತ್ತಿರ ಹಿಡಿದರೆ ಫಿನ್ನುಗಳು ಮಡಚಿಕೊಳ್ಳುತ್ತವೆ. ಗಾಣಗಾಪುರಕ್ಕೆ ಹೊರಟಾಗ ಗಾಳಿಗೆ ಅಡ್ಡವಾಗುವಂತೆ ಗ್ರಿಲ್ಲಿಗೆ ಬ್ಯಾನರ್ ಬೇಡ, ಬದಿಗೆ ಕಟ್ಟಿ.

ಊರಲ್ಲಿ ಸುಮ್ಮನಿದ್ದು ಲೋಡು ಹೇರಿದಾಗ, ಬೀದರ್ ಕಡೆ ಏರುವಾಗ ಕಾಯುವ ಗಾಡಿಯಲ್ಲಿ ಗಾಳಿಗೆ ಕೊರತೆಯಿಲ್ಲ, ನೀರಿನ ದಾರಿ ಕಟ್ಟಿದೆ. ಇದಕ್ಕೆ ಬಹಳ ಸಲ ಈ ಭಾಗದ ನೆಲವೇ ಕಾರಣ. ಶಹಾಬಾದ್ ಕಲ್ಲು ಅಂದರೆ ಸುಣ್ಣಕಲ್ಲು. ವಾಡಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದು ಅದೇ ಕಲ್ಲಿಗಾಗಿ. ಅದರೊಳಗಿಂದ ಬರುವ ಬೋರ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ಕಾದಾಗ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ನೀರು ಕಾಯಿಸುವ ಹಂಡೆಯ ತಳದ ಬಿಳಿ ಪೊರೆ ಇದೇ. ಎಂಜಿನ್ನಿನಲ್ಲಿ ಅದು ಎಲ್ಲಕ್ಕಿಂತ ಬಿಸಿಯಾದ ಜಾಗಕ್ಕೆ, ಸಿಲಿಂಡರ್ ಹೆಡ್ಡಿನ ಒಳಗೆ, ಮೊದಲು ಅಂಟುತ್ತದೆ. ಎರಕದ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖ ಸಾಗಿಸುವ ಪೊರೆ ಅದು. ದಿನಾ ಅರ್ಧ ಲೀಟರ್ ಬೋರ್ ನೀರು ಕುಡಿಯುವ ಗಾಡಿ ಅದರಲ್ಲಿರುವ ಸುಣ್ಣವನ್ನೂ ದಿನಾ ಕುಡಿಯುತ್ತಿರುತ್ತದೆ. ಹೋಸ್ ಕ್ಲಿಪ್ಪಿನ ಹನಿ, ವಾಟರ್ ಪಂಪಿನ ಅಡಿಯ ಸಣ್ಣ ತೂತಿನ ಹನಿ, ಎರಡನ್ನೂ ಅದಕ್ಕೇ ಕಡೆಗಣಿಸಬಾರದು.

ಪರೀಕ್ಷೆಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ, ಹಾಗಾಗಿ ರೇಡಿಯೇಟರ್ ಮೇಲೆ ಅಲ್ಲಲ್ಲಿ ಕರಿ ಟೇಪು ಅಂಟಿಸಿ ಅಳೆಯಿರಿ. ಬಿಸಿನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಶಾಖ ಸಮನಾಗಿ ಇಳಿಯುತ್ತ ಹೋಗಬೇಕು. ನಡುವೆ ಎಲ್ಲೋ ತಣ್ಣನೆಯ ಪಟ್ಟಿ ಸಿಕ್ಕರೆ ಆ ಕೊಳವೆಗಳು ಕಟ್ಟಿವೆ. ಸುಣ್ಣ ಕರಗಿಸಲು ಥರ್ಮೋಸ್ಟಾಟ್ ತೆಗೆದು, ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿದ ನೀರು ತುಂಬಿ, 80 ಡಿಗ್ರಿಗೆ ತಂದು 15 ನಿಮಿಷ ಓಡಿಸಿ. ಆರಲು ಬಿಟ್ಟು ಬ್ಲಾಕಿನ ಡ್ರೇನ್ ಬೋಲ್ಟ್ ಸಹಿತ ಬಿಚ್ಚಿ ಖಾಲಿ ಮಾಡಿ, ಮೂರು ಸಲ ಒಳ್ಳೆಯ ನೀರಿನಿಂದ ತೊಳೆಯಿರಿ. ಒಂದು ಮಾತು ಮಾಲೀಕರಿಗೆ ಮೊದಲೇ ಹೇಳಿಬಿಡಿ: ಹಳೆ ರೇಡಿಯೇಟರಿನ ತೂತನ್ನು ಸುಣ್ಣವೇ ಮುಚ್ಚಿದ್ದರೆ ಈಗ ಸೋರುತ್ತದೆ.

ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿದರೆ, ರೇಡಿಯೇಟರ್ ಕ್ಯಾಪ್ ತೆಗೆದಿಟ್ಟು ಚಾಲೂ ಮಾಡಿದಾಗ ಗುಳ್ಳೆ ನಿಲ್ಲದೆ ಬಂದರೆ, ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲು) ಹೋಗಿದೆ ಅಥವಾ ಹೆಡ್ ಬಿರುಕು ಬಿಟ್ಟಿದೆ. ಅಂಥ ಗಾಡಿಯನ್ನು ಓಡಿಸಲೇಬೇಡಿ. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಜಿಗಿದರೆ ಮಾತ್ರ ಎಂಜಿನ್ ಬಿಟ್ಟು ವೈರಿಂಗಿನ ಅರ್ಥಿಂಗ್ ನೋಡಿ.

ಇನ್ನು ಥರ್ಮೋಸ್ಟಾಟ್. ‘ನಮ್ಮ ಬಿಸಿಲಿಗೆ ಅದ್ಯಾಕ ಬೇಕು’ ಎನ್ನುವುದು ತಪ್ಪು. ಬಹಳಷ್ಟು ಎಂಜಿನ್‌ಗಳಲ್ಲಿ ಅದು ತೆರೆದಾಗ ಬೈಪಾಸ್ ದಾರಿಯನ್ನು (ರೇಡಿಯೇಟರಿಗೆ ಹೋಗದೆ ನೀರು ಎಂಜಿನ್ನಿಗೆ ಮರಳುವ ಅಡ್ಡದಾರಿ) ಮುಚ್ಚುತ್ತದೆ. ಕಿತ್ತುಹಾಕಿದರೆ ಬೈಪಾಸ್ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಕಾಣದೆಯೇ ಎಂಜಿನ್ನಿಗೆ ಮರಳುತ್ತದೆ. ಏರಿನಲ್ಲಿ ಗಾಡಿ ಇನ್ನೂ ಹೆಚ್ಚು ಕಾಯುತ್ತದೆ. ನೀರಿನ ಪಾತ್ರೆಯಲ್ಲಿ ದಾರದಿಂದ ತೂಗುಬಿಟ್ಟು ಕಾಯಿಸಿ: ಮೇಲೆ ಕೊರೆದಿರುವ ಡಿಗ್ರಿಯ ಹತ್ತಿರ, ಸಾಮಾನ್ಯವಾಗಿ 80ರ ಆಚೀಚೆ, ತೆರೆಯಲು ಶುರುಮಾಡಬೇಕು.

ಕ್ಯಾಪ್ ಅಗ್ಗದ್ದು, ಅನುಮಾನ ಬಂದರೆ ಬದಲಿಸಿಬಿಡಿ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿರುವ ಕಲಬುರಗಿಯಲ್ಲಿ ಬರಿ ನೀರು 98.5 ಡಿಗ್ರಿಗೇ ಕುದಿಯುತ್ತದೆ, 0.9 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಅದನ್ನು 118ರ ಹತ್ತಿರಕ್ಕೆ ಒಯ್ಯುತ್ತದೆ. ಗಾಡಿ ಆರಿದ ಮೇಲೆ ಹೋಸ್ ಒಳಕ್ಕೆ ಚಪ್ಪಟೆಯಾಗಿದ್ದರೆ ಕ್ಯಾಪಿನ ಸಣ್ಣ ವಾಲ್ವ್ ಅಂಟಿಕೊಂಡಿದೆ.

ತುಂಬುವಾಗ ಬೋರ್ ನೀರು ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಎರಡು ಪಾಲು, ಕೂಲಂಟ್ ಒಂದು ಪಾಲು. ನಮ್ಮಲ್ಲಿ ಹಿಮಗಟ್ಟುವ ಭಯವಿಲ್ಲ, ಕೂಲಂಟ್ ಬೇಕಾದದ್ದು ಮುಖ್ಯವಾಗಿ ತುಕ್ಕು ತಡೆಯಲು. ಮುಂದಿನ ಗಾಲಿಗಳನ್ನು ತುಸು ಎತ್ತರಕ್ಕೆ ಹತ್ತಿಸಿ, ನಿಧಾನ ಸುರಿದು, ಕ್ಯಾಪ್ ಹಾಕದೆ ಥರ್ಮೋಸ್ಟಾಟ್ ತೆರೆಯುವವರೆಗೆ ಓಡಿಸಿ. ಗುಳ್ಳೆ ನಿಂತು ಮಟ್ಟ ಇಳಿದಷ್ಟನ್ನು ತುಂಬಿ, ಕ್ಯಾಪ್ ಹಾಕಿ. ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮಟ್ಟವನ್ನು ಮತ್ತೊಮ್ಮೆ ನೋಡಿ.