ಮೆಕ್ಸಿಕನ್ ಕಾರ್ನ್ ಸಲಾಡ್ ನೀರು ಬಿಟ್ಟುಕೊಳ್ಳುವುದು ಯಾಕೆ?

ಪ್ರಶ್ನೆ: ಸ್ವೀಟ್ ಕಾರ್ನ್ ಬೇಯಿಸಿ, ಮೆಯೋನೀಸ್, ನಿಂಬೆರಸ, ಖಾರದ ಪುಡಿ ಎಲ್ಲ ಬೆರೆಸುತ್ತೇನೆ. ಸ್ವಲ್ಪ ಹೊತ್ತಿಗೇ ತಳದಲ್ಲಿ ನೀರು ನಿಲ್ಲುತ್ತದೆ. ರುಚಿಯೂ ಬರೀ ಸಿಹಿ. ಎಲ್ಲಿ ತಪ್ಪುತ್ತಿದೆ?

ಉತ್ತರ: ಬೇಯಿಸುವ ಕಡೆಯೇ ತಪ್ಪುತ್ತಿದೆ. ಈ ಸಲಾಡಿಗೆ ಜೋಳವನ್ನು ಸುಡಬೇಕು.

ಮೆಕ್ಸಿಕೋದ ಬೀದಿಗಳಲ್ಲಿ ಜೋಳ ಮುಖ್ಯವಾಗಿ ಎರಡು ರೀತಿ ಸಿಗುತ್ತದೆ. ಒಂದು ಎಲೋಟೆ. ಇಡೀ ತೆನೆಯನ್ನು ಕೆಂಡದ ಮೇಲೆ ಸುಟ್ಟು ಅಥವಾ ಬೇಯಿಸಿ, ಮೆಯೋನೀಸ್ ಸವರಿ, ಚೀಸ್ ಪುಡಿ, ಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಇನ್ನೊಂದು ಎಸ್ಕೀತೆಸ್. ಬಿಡಿಸಿದ ಕಾಳನ್ನು ಎಪಾಸೋಟೆ ಎಂಬ ಘಾಟು ಸೊಪ್ಪಿನ ಜೊತೆ ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಲೋಟಕ್ಕೆ ಹಾಕಿ ಬಿಸಿಬಿಸಿ ಕೊಡುವಂಥದ್ದು. ಅದರಲ್ಲಿ ಒಂದಿಷ್ಟು ರಸ ಇದ್ದರೆ ಚೆನ್ನ. ನಾವು ಸಲಾಡ್ ಅನ್ನುವುದು ಸುಟ್ಟ ಎಲೋಟೆಯ ರುಚಿಯನ್ನು ಬಟ್ಟಲಿಗೆ ಇಳಿಸಿದ ರೂಪ. ಬೇಯಿಸಿದ ಕಾಳಿಗೆ ಸಲಾಡಿನ ಮಸಾಲೆ ಬೆರೆಸಿದರೆ ಎರಡೂ ಆಗುವುದಿಲ್ಲ.

ಜೋಳವೂ ಬೇರೆ. ಅಲ್ಲಿ ಹೆಚ್ಚಾಗಿ ಬಳಸುವುದು ದಪ್ಪ ಕಾಳಿನ ಬಿಳಿ ಮುಸುಕಿನ ಜೋಳ. ಸಿಹಿ ಕಡಿಮೆ, ಹಿಟ್ಟಿನಂಶ ಜಾಸ್ತಿ. ಸ್ವೀಟ್ ಕಾರ್ನಿನಲ್ಲಿ ನೀರೂ ಸಕ್ಕರೆಯೂ ಹೆಚ್ಚು. ಉಗುರು ಚುಚ್ಚಿದರೆ ಹಾಲು ಬರುವಂಥ ಎಳೇ ನಾಟಿ ಮುಸುಕಿನ ಜೋಳ ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ ಸ್ವೀಟ್ ಕಾರ್ನೇ ಇರಲಿ, ಹುಳಿ ಖಾರ ಸ್ವಲ್ಪ ಮುಂದಾಗಿರಲಿ.

ನಾಲ್ಕು ತೆನೆಯಿಂದ ಸುಮಾರು 3 ಕಪ್ ಕಾಳು ಬರುತ್ತದೆ. ಚಾಕುವಿನಿಂದ ಹೆರೆದ ಮೇಲೆ ತೊಳೆಯಬೇಡಿ. ಫ್ರೋಜನ್ ಕಾಳಾದರೆ ಪೂರ್ತಿ ಕರಗಿಸಿ, ಬಟ್ಟೆಯ ಮೇಲೆ ಹರಡಿ ತೇವ ಆರಿಸಿ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ. ಒಂದು ಚಮಚ ಎಣ್ಣೆ ಬಿಟ್ಟು ಕಾಳನ್ನು ಒಂದೇ ಪದರವಾಗಿ ಹರಡಿ. ರಾಶಿ ಹಾಕಿದರೆ ತನ್ನ ಹಬೆಯಲ್ಲೇ ಬೆಂದು ಹೋಗುತ್ತದೆ, ಅದಕ್ಕೇ ಎರಡು ಸಲ ಮಾಡುವುದು ಒಳ್ಳೆಯದು. ಮುಚ್ಚಳ ಬೇಡ, ಉಪ್ಪೂ ಈಗಲೇ ಬೇಡ. ಉಪ್ಪು ನೀರು ಬಿಡಿಸುತ್ತದೆ.

ಆಮೇಲೆ ಎರಡು ನಿಮಿಷ ಸೌಟು ಹಾಕದೆ ಸುಮ್ನೆ ಬಿಡಿ. ಕಷ್ಟ ಇರೋದು ಇಲ್ಲೇ, ಕೈ ತಾನಾಗಿ ಕೆದಕಲು ಹೋಗುತ್ತದೆ. ಮೊದಲು ಚುಂಯ್ ಅನ್ನುವ ಸದ್ದು ಬರುತ್ತದೆ, ಅದು ನೀರು ಆರುವ ಸದ್ದು. ನೀರಿರುವಷ್ಟು ಹೊತ್ತು ಕಾಳಿನ ಮೈ 100 ಡಿಗ್ರಿ ದಾಟುವುದಿಲ್ಲ, ಕೆಂಪಗಾಗುವುದೂ ಇಲ್ಲ. ಸದ್ದು ಚಟಪಟಕ್ಕೆ ತಿರುಗಿ, ಕಾಳಿನ ಒಂದು ಬದಿ ಕಂದು ಕಪ್ಪು ಚುಕ್ಕೆಯಾದಾಗ ಒಮ್ಮೆ ಮಗುಚಿ, ಇನ್ನೆರಡು ನಿಮಿಷ ಬಿಡಿ. ಕೆಲವು ಕಾಳು ಸಿಡಿಯುತ್ತವೆ, ಮುಖ ದೂರವಿರಲಿ. ತೆಗೆದು ಅಗಲ ತಟ್ಟೆಯಲ್ಲಿ ಉಗುರುಬೆಚ್ಚಗಾಗುವವರೆಗೆ ಹರಡಿ. ಬಿಸಿಯಲ್ಲೇ ಮೆಯೋನೀಸ್ ಹಾಕಿದರೆ ಎಣ್ಣೆ ಬಿಡುತ್ತದೆ.

ಈಗ 2 ದೊಡ್ಡ ಚಮಚ ಮೆಯೋನೀಸ್, ಅಷ್ಟೇ ನೀರು ಸೋಸಿದ ಗಟ್ಟಿ ಮೊಸರು, ಅರ್ಧ ನಿಂಬೆಹಣ್ಣಿನ ರಸ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಸೇರಿಸಿ. ಅಲ್ಲಿಯ ಮೆಣಸಿನ ಬದಲಿಗೆ ಹುರಿದು ಪುಡಿ ಮಾಡಿದ ಬ್ಯಾಡಗಿ ಮೆಣಸಿನಕಾಯಿ ಚೆನ್ನಾಗಿ ಒಗ್ಗುತ್ತದೆ.

ಚೀಸ್ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿಯದು ಕೊತಿಹಾ, ಮಿಚೊಆಕಾನ್ ರಾಜ್ಯದ ಕೊತಿಹಾ ಊರಿನ ಹೆಸರಿನ ಚೀಸ್. ಗಟ್ಟಿ, ಉಪ್ಪುಪ್ಪು, ಪುಡಿ ಪುಡಿ. ಅದಕ್ಕೆ ಹತ್ತಿರ ಬರುವುದು ಫೆಟಾ. ಸಿಗದಿದ್ದರೆ ಪನೀರನ್ನು ಹಿಂಡಿ, ಪುಡಿ ಮಾಡಿ, ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟು, ಮತ್ತೊಮ್ಮೆ ಹಿಂಡಿ. ಸಪ್ಪೆ ಪನೀರ್ ಹಾಕಿದರೆ ನಿಮ್ಮ ಆ ‘ಬರೀ ಸಿಹಿ’ ತಕರಾರು ಹಾಗೇ ಉಳಿಯುತ್ತದೆ. ಚೀಸ್ ಬಿದ್ದ ಮೇಲೆಯೇ ಉಪ್ಪು ನೋಡಿ.

ನೆಂಟರು ಬರುವವರಿದ್ದರೆ ಕಾಳನ್ನು ಹಿಂದಿನ ದಿನವೇ ಸುಟ್ಟು ಫ್ರಿಜ್‌ನಲ್ಲಿಡಬಹುದು. ನಿಂಬೆ, ಉಪ್ಪು, ಮೆಯೋನೀಸ್ ಬಡಿಸುವ ಹೊತ್ತಿಗೇ ಬೆರೆಸಿ.