ಇಸುಬು ಚರ್ಮದಲ್ಲಿ, ಪ್ರಯೋಗ ಕರುಳಿನಲ್ಲಿ

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 6ರಿಂದ 18 ತಿಂಗಳ 56 ಮಕ್ಕಳು. ಎಲ್ಲರಿಗೂ ಇಸುಬು, ಅದೂ ಸಾಕಷ್ಟು ಜೋರಾಗಿಯೇ ಇತ್ತು. ಅರ್ಧದಷ್ಟು ಮಕ್ಕಳಿಗೆ ಲ್ಯಾಕ್ಟೋಬ್ಯಾಸಿಲಸ್ ಫರ್ಮೆಂಟಮ್ ಎಂಬ ಬ್ಯಾಕ್ಟೀರಿಯಾದ ಪುಡಿ ಕೊಟ್ಟರು. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೂ ನೂರು ಕೋಟಿ ಬ್ಯಾಕ್ಟೀರಿಯಾ, 8 ವಾರ. ಉಳಿದವರಿಗೆ ಬರೀ ಸಪ್ಪೆ ಪುಡಿ. 16ನೇ ವಾರದಲ್ಲಿ ನೋಡಿದಾಗ ಬ್ಯಾಕ್ಟೀರಿಯಾ ತಿಂದ ಮಕ್ಕಳ ಇಸುಬು ಎದ್ದು ಕಾಣುವಷ್ಟು ಇಳಿದಿತ್ತು.

ಹೊಟ್ಟೆಗೆ ಕೊಟ್ಟಿದ್ದು ಚರ್ಮಕ್ಕೆ ತಲುಪಿದ್ದು ಹೇಗೆ? ಸುಳಿವು ರಕ್ತದಲ್ಲಿತ್ತು. ಹುಟ್ಟಿದ ಹೊಸದರಲ್ಲಿ ಮಗುವಿನ ರೋಗನಿರೋಧಕ ಶಕ್ತಿ ಅಲರ್ಜಿಯ ಕಡೆಗೆ ಸ್ವಲ್ಪ ವಾಲಿಕೊಂಡಿರುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ಒಡನಾಟದಲ್ಲಿ ಅದು ನಿಧಾನವಾಗಿ ಸಮತೋಲಕ್ಕೆ ಬರುತ್ತದೆ. ಇಸುಬಿನ ಮಕ್ಕಳಲ್ಲಿ ಈ ವಾಲಿಕೆ ಹೋಗುವುದು ತಡ. ಪರ್ತ್‌ನ ಸಂಶೋಧಕರು ಮಕ್ಕಳ ರಕ್ತಕಣಗಳನ್ನು ಲ್ಯಾಬಿನಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ರೋಗಾಣುವಿನ ವಿಷವಸ್ತುವಿನಿಂದ ಕೆಣಕಿದರು. ಇಸುಬಿನ ಚರ್ಮದ ಮೇಲೆ ಬೀಡುಬಿಡುವುದು ಇದೇ ಸ್ಟ್ಯಾಫಿಲೋಕಾಕಸ್. ಬ್ಯಾಕ್ಟೀರಿಯಾ ತಿಂದ ಮಕ್ಕಳ ಕಣಗಳು ಮೊದಲಿಗಿಂತ ಜಾಸ್ತಿ ಇಂಟರ್‌ಫೆರಾನ್ ಗಾಮಾ ಸುರಿಸಿದವು. ಅಲರ್ಜಿಯ ಓಟಕ್ಕೆ ಕಡಿವಾಣ ಹಾಕುವ ಪ್ರೋಟೀನು ಇದು. ಅದು ಹೆಚ್ಚಿದಷ್ಟೂ ಇಸುಬು ಇಳಿದಿತ್ತು. ಪುಡಿ ನಿಲ್ಲಿಸಿ ಎರಡು ತಿಂಗಳಾದ ಮೇಲೂ ಈ ಬದಲಾವಣೆ ಉಳಿದಿತ್ತು. ನನಗೆ ಇಡೀ ಪ್ರಯೋಗದಲ್ಲಿ ತುಂಬಾ ಹಿಡಿಸಿದ ಭಾಗ ಇದು. ಆದರೆ ಅಲರ್ಜಿ ವಸ್ತುಗಳನ್ನು ಕಂಡಾಗ ಬರುವ ಪ್ರತಿಕ್ರಿಯೆ ಮಾತ್ರ ಹೆಚ್ಚುಕಡಿಮೆ ಹಾಗೇ ಇತ್ತು.

ಇನ್ನು ಇಸುಬು ಬಾರದಂತೆ ತಡೆಯುವ ಮಾತು. ಫಿನ್‌ಲೆಂಡಿನ ತುರ್ಕುವಿನಲ್ಲಿ ಅಲರ್ಜಿ ಇರುವ ಮನೆತನದ ಗರ್ಭಿಣಿಯರಿಗೆ, ಹೆರಿಗೆಯ ನಂತರ ಆರು ತಿಂಗಳವರೆಗೆ ಹಾಲೂಡಿಸುವ ತಾಯಿಗೋ ಮಗುವಿಗೋ, ಎಲ್‌ಜಿಜಿ ಎಂಬ ಬ್ಯಾಕ್ಟೀರಿಯಾ ಕೊಟ್ಟರು. ಎರಡು ವರ್ಷ ತುಂಬುವಷ್ಟರಲ್ಲಿ ಆ ಗುಂಪಿನ 23% ಮಕ್ಕಳಿಗೆ ಇಸುಬು ಬಂದಿತ್ತು, ಬ್ಯಾಕ್ಟೀರಿಯಾ ಕೊಡದ ಗುಂಪಿನಲ್ಲಿ 46%. ಇದು 2001ರ ವರದಿ. ಜಗತ್ತೇ ಕಿವಿ ನಿಮಿರಿಸಿತು. 2008ರಲ್ಲಿ ಜರ್ಮನಿಯವರು ಅದೇ ಬ್ಯಾಕ್ಟೀರಿಯಾ ಕೊಟ್ಟು ನೋಡಿದರೆ, ಎರಡೂ ಗುಂಪಿನಲ್ಲಿ ವ್ಯತ್ಯಾಸವೇ ಇಲ್ಲ! ಅದೇ ವರ್ಷ ನ್ಯೂಜಿಲೆಂಡಿನಲ್ಲಿ ಎರಡು ಬಗೆ ಬ್ಯಾಕ್ಟೀರಿಯಾ ಪರೀಕ್ಷಿಸಿದಾಗ ಒಂದು ಫಲಿಸಿತು, ಇನ್ನೊಂದು ಫಲಿಸಲಿಲ್ಲ.

ಅಂದರೆ ಸುಮ್ನೆ 'ಪ್ರೋಬಯಾಟಿಕ್' (ಒಳಿತಿಗೆಂದು ತಿನ್ನುವ ಇಂಥ ಜೀವಂತ ಬ್ಯಾಕ್ಟೀರಿಯಾ) ಅಂದರೆ ಸಾಲದು. ಯಾವ ತಳಿ, ಯಾವ ವಯಸ್ಸಿಗೆ, ಎಷ್ಟು ದಿನ ಎಂಬುದೇ ಮುಖ್ಯ ಅಲ್ವಾ? ಮನೆಯ ಮೊಸರು ಊಟಕ್ಕೆ ಒಳ್ಳೆಯದೇ, ಆದರೆ ಅದರಲ್ಲಿರುವ ತಳಿಗಳು ಮನೆಯಿಂದ ಮನೆಗೆ ಬೇರೆ. ಈಗಾಗಲೇ ಇಸುಬು ಬಂದವರ ಮೇಲೆ ನಡೆದ 39 ಪ್ರಯೋಗಗಳನ್ನು 2018ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟಿಗೆ ತೂಗಿ ನೋಡಿತು. ಸಿಕ್ಕ ಪ್ರಯೋಜನ ತೀರಾ ಕಡಿಮೆ.

ಹಾಗಾಗಿ ಯಾರೋ ಹೇಳಿದರೆಂದು ಪ್ರೋಬಯಾಟಿಕ್ ಪುಡಿಯ ಡಬ್ಬಿ ತಂದು, ಡಾಕ್ಟರು ಬರೆದುಕೊಟ್ಟ ಮಾಯಿಶ್ಚರೈಸರ್, ಮುಲಾಮು ನಿಲ್ಲಿಸಬೇಡಿ. ದಿನ ತುಂಬದೆ ಹುಟ್ಟಿದ ಕೂಸುಗಳಿಗಂತೂ ಡಾಕ್ಟರನ್ನು ಕೇಳದೆ ಈ ಪುಡಿ ಕೊಡಲೇಬೇಡಿ. ಅಂಥ ಕೂಸುಗಳಲ್ಲಿ ಪ್ರೋಬಯಾಟಿಕ್ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಿ ಸೋಂಕು ಮಾಡಿದ ಉದಾಹರಣೆಗಳಿವೆ.